ಕಲ್ಲು ಒತ್ತುವ ದಿಕ್ಕು

ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಮಾಮಾ ತೀರಿಕೊಂಡ ಸುದ್ದಿ ಬಿದ್ದ ಹತ್ತು ನಿಮಿಷದೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಕೆಲವರು ಹೂವು ಹಾಕಿದರು. ಒಬ್ಬ ಮಹಾಶಯನಂತೂ, ಬಂಡೆಯ ಒತ್ತಡ ಅಳೆಯುವ ನಮ್ಮ ಕೆಲಸಕ್ಕೆ ಬುನಾದಿ ಹಾಕಿದವರೇ ಅವರು ಎಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದ. ಒಂಬತ್ತು ವರ್ಷದ ಹಿಂದೆ ಮಾಮಾನನ್ನು ಅಳತೆಯ ಕೆಲಸದಿಂದ ಕಿತ್ತು ಉಗ್ರಾಣಕ್ಕೆ ಹಾಕಿದ ಕಾಗದಕ್ಕೆ ಸಹಿ ಮಾಡಿದವನೂ ಅದೇ ಮಹಾಶಯನೇ. ನಾನೇನು ಕಡಿಮೆ? ನಾನೂ ಕೈಮುಗಿದೆ. ಬೆರಳು ಒತ್ತಿದರೆ ಮುಗಿಯಿತು, ಕೈ ಎತ್ತುವ ಕಷ್ಟವೂ ಇಲ್ಲ.

ಮಾಮಾ ಅಂದರೆ ನನಗೆ ಸಂಬಂಧಿಯಲ್ಲ. ಗಡಿಯಾಚೆಗಿನ ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಸೀಮೆಯಲ್ಲಿ ವಯಸ್ಸಾದವರನ್ನು ಹಾಗೆ ಕರೆಯುವುದೇ ರೂಢಿ. ಅವರು ಮುರುಮದವರು. ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ನಾನು ಉದಗೀರದವನು, ನಾಲ್ಕು ಅಕ್ಷರ ಹೆಚ್ಚು ಕಲಿತವನು. ನಾವಿಬ್ಬರೂ ಕೂಡಿದ್ದು ಊರಿನಿಂದ ಬಹಳ ದೂರ, ಆಳದ ಕಲ್ಲಿದ್ದಲು ಗಣಿಗಳಲ್ಲಿ ಬಂಡೆಯೊಳಗೆ ಎಷ್ಟು ಒತ್ತಡ ಇದೆ, ಯಾವ ಕಡೆಯಿಂದ ಇದೆ ಎಂದು ಅಳೆದುಕೊಡುವ ಒಂದು ಕಂಪನಿಯಲ್ಲಿ. ಮಾಮಾ ಗಣಿಗಿಳಿದು ಅಳೆಯುವವರು. ನಾನು ಮೇಲೆ ತಣ್ಣನೆಯ ಕೋಣೆಯಲ್ಲಿ ಕೂತು, ಅವರ ಅಂಕಿಗಳನ್ನು ಕಂಪ್ಯೂಟರಿಗೆ ತಿನ್ನಿಸಿ, ಗಣಿಯ ಮಾದರಿ ಕಟ್ಟಿ, ಸುರಂಗ ಯಾವ ದಿಕ್ಕಿಗೆ ಹೋಗಬೇಕು ಎಂದು ಹೇಳುವವನು. ನನ್ನ ಮಾತಿಗೆ ಬಣ್ಣಬಣ್ಣದ ಚಿತ್ರಗಳ ಬೆಂಬಲ ಇರುತ್ತಿತ್ತು. ಅವರ ಮಾತಿಗೆ ಒಂದು ಅಳತೆ ಪುಸ್ತಕ, ಅಷ್ಟೇ.

ಅವರ ಜೀವನಚರಿತ್ರೆ ಬರೆಯಲು ನಾನು ಕೂತಿಲ್ಲ, ಅದಕ್ಕೆ ನನಗೆ ಮುಖವೂ ಇಲ್ಲ. ಕೊನೆಯ ಒಂಬತ್ತು ವರ್ಷ ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು. ಅವರು ಅಳೆದದ್ದು ತಪ್ಪಲ್ಲ ಎಂದು ಅವರ ಓಣಿಯ ಒಬ್ಬ ತಾಯಿಗೆ, ನಿಜ ತಿಳಿದವರು ಯಾರಾದರೂ ಹೇಳಬೇಕಾಗಿತ್ತು. ತಿಳಿದವನು ನಾನೊಬ್ಬನೇ. ನಾನು ಹೇಳಲಿಲ್ಲ.

ಮಾಮಾ ಈ ಕಸುಬಿಗೆ ಬಿದ್ದದ್ದೇ ನಮ್ಮ ಕಡೆಯ ಭೂಕಂಪದಿಂದ. ಲೋಹಾರಾದ ಹತ್ತಿರ ಅವರ ಅಕ್ಕನ ಮನೆ ಇತ್ತು. ಕಲ್ಲು ಮಣ್ಣಿನ ಮೊಳ ದಪ್ಪದ ಗೋಡೆ ಬಿದ್ದು ಅಕ್ಕ, ಭಾವ ಇಬ್ಬರೂ ಹೋದರು. ಆಮೇಲೆ ನೆಲದಲ್ಲಿ ಏನಾಗಿದೆ ಎಂದು ನೋಡಲು ಹೊರಗಿನವರು ಬಂದು ತೂತು ಕೊರೆದಾಗ ಮಾಮಾ ಅಲ್ಲಿ ಕೂಲಿಗೆ ನಿಂತರು. ಎಲ್ಲರೂ ನೆಲವನ್ನು ಬೈಯುತ್ತಿದ್ದರೆ ಅವರಿಗೆ ಅದರ ಮೇಲೆ ಸಿಟ್ಟು ಬರಲಿಲ್ಲವಂತೆ. ನೆಲ ಯಾವತ್ತಿನಿಂದಲೋ ತಾಳಿಕೊಂಡು ಬಂದಿತ್ತು, ಅದನ್ನು ಯಾರೂ ಕೇಳಿರಲಿಲ್ಲ, ಅಷ್ಟೇ ಅನ್ನುತ್ತಿದ್ದರು. ಆ ಯಂತ್ರದ ಹಿಂದೆಯೇ ಊರೂರು ಅಲೆದು, ಕಡೆಗೆ ನಮ್ಮ ಕಂಪನಿಗೆ ಬಂದು ಸೇರಿದರು.

ಒತ್ತಡ ಅಳೆಯುವುದು ಹೇಗೆ ಎಂದು ಹೊಸಬರಿಗೆ ನಾನು ಹೇಳಿದರೆ ಅರ್ಧ ತಾಸು ಬೇಕು, ಆಮೇಲೂ ಅವರು ಪಿಳಿಪಿಳಿ ನೋಡುತ್ತಿದ್ದರು. ಬಂಡೆಗೆ ಸಣ್ಣ ತೂತು ಕೊರೆದು ಅದರೊಳಗೆ ಅಳತೆಯ ಕೊಳವೆಯೊಂದನ್ನು ಅಂಟಿಸಬೇಕು. ಅಂಟು ಗಟ್ಟಿಯಾದ ಮೇಲೆ ಅದರ ಸುತ್ತ ದೊಡ್ಡ ತೂತು ಕೊರೆದು ಆ ತುಂಡು ಕಲ್ಲನ್ನು ಬಂಡೆಯಿಂದ ಬಿಡಿಸಬೇಕು. ಬಿಟ್ಟ ಕಲ್ಲು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಒಳಗಿನ ಕೊಳವೆ ಅದನ್ನು ಹಿಡಿಯುತ್ತದೆ. ಮಾಮಾ ಇದನ್ನೆಲ್ಲ ಎರಡು ಮಾತಿನಲ್ಲಿ ಮುಗಿಸುತ್ತಿದ್ದರು.

"ನಮ್ಮ ಉದಗೀರ ಬಸ್ಸಿನ್ಯಾಗ ಮೂರ್ ಮಂದಿ ಸೀಟಿಗಿ ಐದ್ ಮಂದಿ ಕುಂತಿರ್ತಾರ ನೋಡ್ರಿ. ಬಾಜೂದಂವ ಇಳದ ಕೂಡ್ಲೆ ನೀವು ಎಷ್ಟ್ ಹಿಗ್ತೀರಿ, ಅಷ್ಟ್ ನಿಮ್ಮನ್ನ ಹಿಚುಕಿದ್ರು ಅಂತ ಲೆಕ್ಕ. ಕಲ್ಲೂ ಹಂಗೇ. ಸುಮ್ಮ ಕುಂತಿಲ್ಲ ಅದು, ತಡಕೊಂಡ್ ಕುಂತದ."

ತಡೆದುಕೊಂಡು ಕೂತಿದೆ ಅನ್ನುವಾಗ ಎರಡೂ ಅಂಗೈಗಳನ್ನು ಎದುರುಬದುರು ಒತ್ತಿ ಹಿಡಿದು ತೋರಿಸುತ್ತಿದ್ದರು. ಊಟಕ್ಕೆ ಕೂತಲ್ಲಿ, ಬಸ್ಸಿಗೆ ಕಾಯುವಲ್ಲಿ ಸಹ ಅವರ ಕೈ ಹಾಗೇ ಇರುತ್ತಿತ್ತು. ಅಳತೆಯ ಹೊತ್ತಿಗೆ ಯಾರಾದರೂ ಬಾಯಿ ಬಿಟ್ಟರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಗಣಿಯ ಮ್ಯಾನೇಜರ್ ಕೆಳಗಿಳಿದು ಬಂದು, ಅಂಟು ಒಣಗಲು ಇಷ್ಟು ಹೊತ್ತು ಯಾಕೆ, ಕೊರೆದುಬಿಡಿ ಅಂದನಂತೆ. ಮಾಮಾ ರೊಟ್ಟಿ, ಶೇಂಗಾ ಚಟ್ನಿ ಗಂಟು ಬಿಚ್ಚಿ, ಬರ್ರಿ ಸಾಯೇಬ್ರ, ಅದು ಒಣಗೂತನಕ ಒಂದ್ ತುತ್ತು ಉಣ್ರಿ ಅಂದರಂತೆ. ಅವನು ಉಂಡೂ ಹೋದನಂತೆ. ಗಣಿಯ ಮ್ಯಾನೇಜರನಿಗೆ ಹೀಗೆ ಹೇಳುವ ಧೈರ್ಯ ನಮ್ಮ ಆಫೀಸಿನ ಒಬ್ಬನಿಗೂ ಇರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ.

ಅವರ ಅಳತೆ ಪುಸ್ತಕದ ಬಗ್ಗೆ ಹೇಳಲೇಬೇಕು, ಎಲ್ಲ ಅದರಲ್ಲೇ ಇದೆ. ದಪ್ಪ ರಟ್ಟಿನ ಪುಸ್ತಕ, ನಡುವೆ ಕಾರ್ಬನ್ ಹಾಳೆ. ಅಂಕಿಗಳನ್ನು ಗಟ್ಟಿಯಾಗಿ ಓದಿ, ಡ್ರಿಲ್ ಹಿಡಿದವನಿಂದ ತಿರುಗಿ ಅನ್ನಿಸಿ, ಆಮೇಲೆ ಬರೆಯುತ್ತಿದ್ದರು. ಪುಟ ಮುಗಿದ ಮೇಲೆ ನಕಲಿನ ಹಾಳೆಯನ್ನು ಹರಿದು ಮಡಚಿ ತಮ್ಮ ಊಟದ ಡಬ್ಬಿಗೆ ಹಾಕುತ್ತಿದ್ದರು. ಕಡೆಗೆ ಮೂಲದ ಹಾಳೆಯ ಕೆಳಗೆ ಡ್ರಿಲ್ ಹಿಡಿದವನ ಸಹಿ. ಕಂಪನಿಯ ನಿಯಮದಲ್ಲಿ ಇದು ಎಲ್ಲೂ ಇರಲಿಲ್ಲ. ತೂತು ಕೊರೆದ ಕೈಯೂ ಅಳೆದ ಕೈಯೇ, ಅದರ ಹೆಸರೂ ಇರಲಿ ಅನ್ನುತ್ತಿದ್ದರು. ಸಾಹೇಬರ ಪುಸ್ತಕದಲ್ಲಿ ಕೂಲಿಯವನ ಸಹಿ ಯಾಕೆ ಎಂದು ನಾವು ಆಫೀಸಿನಲ್ಲಿ ನಗಾಡುತ್ತಿದ್ದೆವು.

ಕೊನೆಯ ವರ್ಷಗಳಲ್ಲಿ ಆ ಸಹಿ ಮಾಳಪ್ಪನದು. ಮಾಳಪ್ಪ ಮುರುಮದವನೇ, ಮಾಮಾನ ಓಣಿಯವನೇ. ಗಟ್ಟಿ ಆಳು, ಇಪ್ಪತ್ತೆಂಟು ಮೂವತ್ತರ ವಯಸ್ಸು, ತಂದೆ ಇಲ್ಲ. ಅವನ ತಾಯಿ ಮಗನನ್ನು ನೆಲದೊಳಗಿನ ಕೆಲಸಕ್ಕೆ ಕಳಿಸುವುದಿಲ್ಲ ಎಂದು ಹಟ ಹಿಡಿದಿದ್ದಳಂತೆ. ಮಾಮಾ ಅವಳ ಕಟ್ಟೆಯ ಮೇಲೆ ಕೂತು, ನನ್ನ ಕಣ್ಣ ಮುಂದೆಯೇ ಇರುತ್ತಾನೆ ತಂಗಿ, ನಾನು ಅಳೆಯದ ಛಾವಣಿಯ ಕೆಳಗೆ ಅವನನ್ನು ನಿಲ್ಲಿಸುವುದಿಲ್ಲ ಎಂದು ಮಾತು ಕೊಟ್ಟು ಕರೆದುಕೊಂಡು ಬಂದಿದ್ದರು.

ಇನ್ನು ನನ್ನ ಪರಾಕ್ರಮ ಹೇಳುತ್ತೇನೆ.

ಹಳೆಯ ಗಣಿಗಳ ನಕ್ಷೆಗೊಂದು ವಕ್ರ ಇರುತ್ತದೆ. ಮೊದಲು ಅಳೆದವರು ಕಲ್ಲಿದ್ದಲಿನ ಪದರು ಹೇಗೆ ಓರೆಯಾಗಿದೆಯೋ ಹಾಗೆ ನಕ್ಷೆಯನ್ನು ತಿರುಗಿಸಿ ಬರೆದುಬಿಟ್ಟಿರುತ್ತಾರೆ. ಹೀಗಾಗಿ ಗಣಿಯಲ್ಲಿ ಅಳೆದ ನಿಜವಾದ ದಿಕ್ಕನ್ನು ನಕ್ಷೆಯ ದಿಕ್ಕಿಗೆ ಹೊಂದಿಸಲು ಇಷ್ಟು ಡಿಗ್ರಿ ಎಂದು ಒಂದು ಸಲ ತಿರುಗಿಸಬೇಕು. ಒಂದೇ ಸಲ. ಅಂಥ ಒಂದು ಹಳೆಯ ಗಣಿಯ ಹೊಸ ಭಾಗದಿಂದ ಮಾಮಾ ಕಳಿಸಿದ ಅಳತೆಯಲ್ಲಿ ಬಂಡೆ ಒತ್ತುವ ದಿಕ್ಕು, ಪಕ್ಕದ ಹಳೆಯ ಭಾಗದ ದಿಕ್ಕಿಗಿಂತ ಪೂರಾ ಬೇರೆ ಬಂತು. ಅದು ನಿಜವಾದರೆ ನಾವು ಹಾಕಿಕೊಟ್ಟ ಸುರಂಗಗಳ ಯೋಜನೆಯೇ ತಪ್ಪು. ಬಂಡೆ ಒತ್ತುವ ದಿಕ್ಕಿನಲ್ಲೇ ಸುರಂಗ ಹೋದರೆ ಛಾವಣಿ ತಾಳುತ್ತದೆ, ಅಡ್ಡ ಹೋದರೆ ಛಾವಣಿಯ ಪದರುಗಳು ಮುರಿಯುತ್ತವೆ. ಯಂತ್ರ ಇಳಿದಾಗಿತ್ತು, ಕೆಲಸ ಶುರುವಾಗಿತ್ತು, ಮೇಲಿನವರು ದಿನಾ ಫೋನು ಮಾಡಿ ನನ್ನ ತಲೆ ತಿನ್ನುತ್ತಿದ್ದರು.

ನನಗೆ ಥಟ್ಟನೆ ಹೊಳೆಯಿತು. ಮಾಮಾ ದಿಕ್ಕನ್ನು ತಿರುಗಿಸುವುದು ಮರೆತಿದ್ದಾರೆ! ಪಾಪ, ಹಳ್ಳಿ ಮನುಷ್ಯ, ಲೆಕ್ಕ ಎಲ್ಲಿಂದ ಬರಬೇಕು. ನಾನು ತಿರುಗಿಸಿದೆ. ತಿರುಗಿಸಿದ ಕೂಡಲೇ ಅವರ ಅಳತೆ ಹಳೆಯ ಭಾಗದ ಅಳತೆಗೆ ಸರಿಯಾಗಿ ಹೊಂದಿತು, ನನ್ನ ಮಾದರಿ ನಗುನಗುತ್ತಾ ಕೂತಿತು. ಅಷ್ಟು ಚೆನ್ನಾಗಿ ಹೊಂದಿದ್ದನ್ನು ಯಾವ ಬುದ್ಧಿವಂತ ಅನುಮಾನಿಸುತ್ತಾನೆ? ನಾನು ಆ ದಿನ ಎಲ್ಲರಿಗೂ ಚಹಾ ಕುಡಿಸಿದೆ. ಮಾಮಾ ಕಳಿಸಿದ್ದ ಅಳತೆ ಪುಸ್ತಕದಲ್ಲಿ, ಅಂಕಿಗಳಿದ್ದ ಪುಟದ ಮಗ್ಗುಲಲ್ಲೇ, ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲಿ ಅವರು ಬರೆದಿದ್ದರು: "ನಕ್ಷೆಗೆ ತಿರುಗಿಸಿ ಬರೆದದ್ದು." ಅದರ ಕೆಳಗೆ ಮಾಳಪ್ಪನ ಸಹಿ. ಅಂಕಿ ನೋಡುವ ಕಣ್ಣಿಗೆ ಅಕ್ಷರ ಕಾಣಲಿಲ್ಲ. ಒಂದು ಫೋನು ಮಾಡಿ ಕೇಳಬಹುದಾಗಿತ್ತು. ಕೂಲಿಗೆ ನಿಂತು ಕಲಿತವರನ್ನು ನಾನು ಕೇಳುವುದೇ?

ಫೋನು ಅವರೇ ಮಾಡಿದರು. ಗಣಿಯ ತಳದಿಂದ ಮೇಲೆ ಬಂದು, ಮೈತುಂಬ ಕರಿ ಮೆತ್ತಿಕೊಂಡೇ ಮಾಡಿದ್ದರಂತೆ.

"ಸಾಯೇಬ್ರ, ಎಡಗಡಿ ಮೂಲಿಗಿ ಅಷ್ಟೇ ಛತ್ತಿಂದು ಚಕ್ಕಿ ಏಳ್ಲತಾವ. ಕಲ್ಲು ಓರಿಯಾಗಿ ಒತ್ತಲತದ. ನನ್ನ ಅಳತಿಗಿ ಇದು ಕೂಡ್ತದ, ನಿಮ್ಮ ಚಿತ್ರಕ್ಕ ಕೂಡವಲ್ದು. ಮಂದೀನ್ನ ಮ್ಯಾಲ ಕರೀಲೇನು?"

ಛಾವಣಿಯ ಕಲ್ಲು ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು, ಅವರಿಗೆ ಬೇಕಾಗಿದ್ದದ್ದು ನನ್ನ ಒಂದು ಹೂಂ. ಕೆಲಸ ನಿಲ್ಲಿಸುವ ಅಧಿಕಾರ ಕಾಗದದ ಮೇಲೆ ಇದ್ದದ್ದು ನನಗೆ. ಎಲ್ಲ ನೋಡಿಯೇ ಮಾಡಿದ್ದೇವೆ ಮಾಮಾ, ನಿಮ್ಮ ಒಂದು ಸಣ್ಣ ತಪ್ಪನ್ನೂ ತಿದ್ದಿದ್ದೇನೆ, ಕೆಲಸ ಮುಂದುವರಿಸಿ ಅಂದೆ. ಯಾವ ತಪ್ಪು ಎಂದು ಕೇಳಿದರು. ಆಮೇಲೆ ಹೇಳುತ್ತೇನೆ ಎಂದು ಫೋನು ಇಟ್ಟೆ. ಎರಡು ದಿನಕ್ಕೆ ಛಾವಣಿ ಬಿತ್ತು. ಕೆಳಗೆ ಇದ್ದವನು ಮಾಳಪ್ಪ, ಮುಂದಿನ ಅಳತೆಗೆ ಡ್ರಿಲ್ ಜೋಡಿಸುತ್ತಿದ್ದ. ಮಾಮಾ ಹತ್ತು ಮಾರು ಹಿಂದೆ ಕೊಳವೆ ಒರೆಸುತ್ತಾ ನಿಂತಿದ್ದರು.

ಆ ಸುದ್ದಿ ಕೇಳಿ ನಾನು ಪುಸ್ತಕ ತೆಗೆದೆ. ಆಗ ಕಾಣಿಸಿತು ಪೆನ್ಸಿಲ್ಲಿನ ಸಾಲು. ಅವರು ಒಮ್ಮೆ ತಿರುಗಿಸಿದ್ದನ್ನು ನಾನು ಎರಡನೆಯ ಸಲ ತಿರುಗಿಸಿದ್ದೆ. ಪುಸ್ತಕವನ್ನು ಒಯ್ದು ನನ್ನ ಕಪಾಟಿನಲ್ಲಿ, ಹಳೆಯ ಕಡತಗಳ ಅಡಿಯಲ್ಲಿ ತೂರಿಸಿದೆ.

ವಿಚಾರಣೆ, ನಮ್ಮ ಕಡೆಯ ಮಾತಿನಲ್ಲಿ ಚೌಕಶಿ, ನಡೆಯಿತು. ಮೂಲ ಪುಸ್ತಕ ಎಲ್ಲಿ ಎಂದರು. ಸಿಗುತ್ತಿಲ್ಲ ಎಂದೆ. ಮಾಮಾ ಊಟದ ಡಬ್ಬಿಯಿಂದ ನಕಲಿನ ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಎಣ್ಣೆಯ ಕಲೆ ಬಿದ್ದಿತ್ತು, ಅಕ್ಷರ ಕಾಣುತ್ತಿದ್ದವು. ಅದರಲ್ಲಿ ಆ ಸಾಲು ಇತ್ತು, ಮಾಳಪ್ಪನ ಸಹಿ ಇರಲಿಲ್ಲ. ಚೌಕಶಿಯ ಅಧಿಕಾರಿ ಹಾಳೆಯನ್ನು ನನ್ನ ಕಡೆ ಸರಿಸಿ, ನೀವು ಇವರ ಪುಸ್ತಕ ದಿನಾ ನೋಡುವವರು, ಈ ಸಾಲು ಆಗಿನದೋ, ಆಮೇಲೆ ಸೇರಿಸಿದ್ದೋ ಎಂದು ಕೇಳಿದ. ಮಾಮಾ ನನ್ನನ್ನು ನೋಡುತ್ತಿದ್ದರು. ಆ ನೋಟದಲ್ಲಿ ಬೇಡಿಕೆ ಇರಲಿಲ್ಲ, ಅನುಮಾನವೂ ಇರಲಿಲ್ಲ. ನಾನು ಖರೆ ಹೇಳುತ್ತೇನೆ ಎಂದು ಆ ಮನುಷ್ಯ ಸಲೀಸಾಗಿ ನಂಬಿ ಕೂತಿದ್ದರು.

"ಹೇಳಲು ಬರುವುದಿಲ್ಲ" ಎಂದೆ.

ಆಮೇಲೆ ಸೇರಿಸಿದ್ದು ಎಂದು ನೇರ ಸುಳ್ಳು ಹೇಳಿದ್ದರೂ ಇಷ್ಟು ಹೊಲಸು ಅನಿಸುತ್ತಿರಲಿಲ್ಲ. ಸುಳ್ಳಿಗೂ ಸ್ವಲ್ಪ ಎದೆ ಬೇಕು. ದಿಕ್ಕು ಬರೆಯುವಲ್ಲಿ ಅಳತೆ ಮಾಡಿದವನ ಲೋಪ ಎಂದು ವರದಿ ಬಂತು. ಅವರನ್ನು ಉಗ್ರಾಣಕ್ಕೆ ಹಾಕಿದರು. ಬೋಲ್ಟು ನಟ್ಟು ಎಣಿಸಿ ಕೊಡುವ ಕೆಲಸ. ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಹೊಸಬರಿಗೆ ಪಾಠ ಹೇಳುವಾಗ ಬಸ್ಸಿನ ಸೀಟಿನ ಮಾತನ್ನು ನನ್ನದೇ ಎಂಬಂತೆ ಹೇಳಿ ನಗಿಸುತ್ತಿದ್ದೆ. ಅದನ್ನೂ ಬಿಡಲಿಲ್ಲ ನಾನು.

ನಿವೃತ್ತಿಯಾಗಿ ಅವರು ಮುರುಮಕ್ಕೆ ಬಂದರು. ಅದೇ ಓಣಿ, ಎದುರಿಗೆ ಮಾಳಪ್ಪನ ಮನೆ. ಇವನ ತಪ್ಪಳತೆ ನಿನ್ನ ಮಗನನ್ನು ತಿಂದಿತು ಎಂದು ಆ ತಾಯಿಗೆ ಯಾರೋ ವರದಿ ಓದಿ ಹೇಳಿದ್ದರು. ಅವಳು ಬೈಯಲಿಲ್ಲ, ಜಗಳಕ್ಕೂ ಬರಲಿಲ್ಲ. ಅವರು ಎದುರು ಬಂದರೆ ತಲೆಯ ಸೆರಗು ಎಳೆದು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದಳಂತೆ. ದಿನಾ. ಮಾಮಾ ಮನೆಯ ಹಿಂದಿನ ಗೋಡೆಗೆ ಬಾಗಿಲು ಒಡೆಸಿ ಆ ಕಡೆಯಿಂದ ಓಡಾಡಲು ಶುರುಮಾಡಿದರು.

ಆ ಪುಸ್ತಕವನ್ನು ಕಟ್ಟಿಕೊಂಡು ನಾನೂ ನಿವೃತ್ತನಾಗಿ ಊರಿಗೆ ಬಂದೆ. ಒಮ್ಮೆ ನಿಲಂಗಾದ ಬಸ್‌ಸ್ಟ್ಯಾಂಡಿನಲ್ಲಿ ಅಚಾನಕ್ ಎದುರಿಗೆ ಸಿಕ್ಕರು. ಸೊಸೆಯ ಊರಿಗೆ ಹೊರಟಿದ್ದರು. ನಾನು ಕಾಣದವನಂತೆ ಕಂಬದ ಹಿಂದೆ ಸರಿದೆ, ಅವರೇ ಹುಡುಕಿಕೊಂಡು ಬಂದು ಕೈಹಿಡಿದು ಚಹಾ ಕುಡಿಸಿದರು. ಮನೆ, ಮಕ್ಕಳು, ಬಿಪಿ ಶುಗರ್ ಎಲ್ಲ ಕೇಳಿದರು. ಒಂದು ಕೆಟ್ಟ ಮಾತಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬಸ್ಸು ಬಂದಾಗ ಮಾತ್ರ ಕಪ್ಪು ಕೆಳಗಿಟ್ಟು, ಎರಡೂ ಅಂಗೈ ಎದುರುಬದುರು ಒತ್ತಿ ಹಿಡಿದುಕೊಂಡು ಹೇಳಿದರು:

"ಒಂದ್ ಸಲ ಮುರುಮಕ್ಕ ಬರ್ರಿ, ಸಾಯೇಬ್ರ. ಮಾಳ್ಯಾನ ಅವ್ವಗ ಒಂದ್ ಮಾತ್ ಹೇಳಿ ಹೋಗ್ರಿ. ನನಗ ಚೌಕಶಿ ಬ್ಯಾಡ, ಪುಸ್ತಕ ಬ್ಯಾಡ. ಆಕಿ ಒಬ್ಬಾಕಿಗಿ ಗೊತ್ತಾದ್ರ ಸಾಕು."

ದೀಪಾವಳಿಗೆ ಬರುತ್ತೇನೆ ಅಂದೆ. ಅಂದಿನಿಂದ ಎಷ್ಟು ದೀಪಾವಳಿ ಹೋದವು. ಉದಗೀರದಿಂದ ಮುರುಮ ಏನು ಅಮೆರಿಕವೇ? ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಮುಟ್ಟಬಹುದು. ಪ್ರತಿ ಸಲ ಪುಸ್ತಕವನ್ನು ಚೀಲಕ್ಕೆ ಹಾಕುತ್ತಿದ್ದೆ, ಪ್ರತಿ ಸಲ ತೆಗೆದಿಡುತ್ತಿದ್ದೆ. ಪೆನ್ಶನ್ ಹೋದೀತು, ಹೆಸರು ಕೆಟ್ಟೀತು, ಮಗಳ ಮದುವೆ ಆಗಲಿ. ಹೇಡಿಗೆ ನೆಪ ಕಡಿಮೆ ಬೀಳುವುದಿಲ್ಲ.

ಅವರು ಸತ್ತ ಮೇಲೆ ಹೋದೆ. ನಮ್ಮಲ್ಲಿ ಸಾವಿನ ಮನೆಗೆ ಹೋಗುವುದಕ್ಕೆ ಮಾತಾಡಿಸಲು ಹೋಗುವುದು ಅನ್ನುತ್ತಾರೆ. ಬದುಕಿದ್ದಾಗ ಆಡಬೇಕಾಗಿದ್ದ ಮಾತನ್ನು ಬಚ್ಚಿಟ್ಟುಕೊಂಡವನು ಈಗ ಮಾತಾಡಿಸಲು ಹೊರಟಿದ್ದೆ. ಮಾಮಾನ ಹೆಂಡತಿ, ನಾವು ಮಾಮಿ ಅನ್ನುತ್ತಿದ್ದೆವು, ಒಳಗಿನ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ಗುರುತು ಹಿಡಿದು ನೀರು ಕೊಡಿಸಿದರು. ಕಡೆಯ ದಿನಗಳಲ್ಲಿ ಹಾಸಿಗೆಯಲ್ಲಿ ಕೂಡ ಅವರ ಕೈ ಆ ಒತ್ತುವ ಆಟ ಬಿಟ್ಟಿರಲಿಲ್ಲ ಎಂದರು. ನಾನು ಪುಸ್ತಕ ತೆಗೆದು ಅವರ ಮುಂದಿಟ್ಟೆ. ಎಲ್ಲವನ್ನೂ ಹೇಳಿದೆ. ಮುಚ್ಚಿಡಲಿಲ್ಲ, ಇನ್ನು ಮುಚ್ಚಿಟ್ಟು ಮಾಡುವುದೇನು. ಅವರು ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. ಪುಸ್ತಕವನ್ನು ಮುಟ್ಟಲೂ ಇಲ್ಲ.

"ಇದು ನಮ್ಮ ಮನಿಗಿ ಯಾಕ್ರಿ? ಅವರು ಖರೇನೇ ಅಳದಿದ್ರು ಅಂಬೋದು ನಮಗ ಮೊದ್ಲಿಂದ್ಲೂ ಗೊತ್ತದ. ಎದುರಿನ ಮನಿಗಿ ಒಯ್ಯಿರಿ."

ಮಾಳಪ್ಪನ ತಾಯಿ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಾಕಿಕೊಂಡು ಹರಳು ಆರಿಸುತ್ತಿದ್ದಳು. ಮುದುಕಿ, ಕಣ್ಣು ಚುರುಕಿದ್ದವು. ನಾನು ಯಾರೆಂದು ಹೇಳಿ, ಕೆಳಗಿನ ಮೆಟ್ಟಿಲ ಮೇಲೆ ಕೂತು ಆ ಪುಟ ತೆರೆದು ಹಿಡಿದೆ. ಅವಳಿಗೆ ಓದಲು ಬರುವುದಿಲ್ಲ. ಆದರೆ ಸಹಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಮಗ ಇದನ್ನೇ ಇದ್ದಿಲಿನಲ್ಲಿ ಮನೆಯ ಗೋಡೆಗೆಲ್ಲ ಬರೆದು ಕಲಿಯುತ್ತಿದ್ದ, ಸುಣ್ಣ ಬಳಿಯುವಾಗ ಒಂದನ್ನು ಮಾತ್ರ ಬಿಟ್ಟು ಬಳಿಸಿದ್ದೇನೆ ಎಂದಳು. ಒಳಗೆ ನೋಡಿದರೆ ಹೌದು, ಬಾಗಿಲ ಪಕ್ಕ ಒಂದು ಚೌಕ ಮಾಸಲಾಗಿ ಉಳಿದಿತ್ತು.

ನಾನು ಹೇಳಿದೆ. ಅವರು ಅಳೆದದ್ದು ಸರಿ ಇತ್ತು, ಬರೆದದ್ದೂ ಸರಿ ಇತ್ತು, ಮಂದಿಯನ್ನು ಮೇಲೆ ಕರೆಯಲೇ ಎಂದು ಫೋನನ್ನೂ ಮಾಡಿದ್ದರು, ನಿಮ್ಮ ಮಗ ಅದಕ್ಕೆ ಸಾಕ್ಷಿ ಎಂದೆ.

"ಮತ್ತ ತಪ್ಪ್ ಯಾರ್ದರಿ?"

"ಆಫೀಸಿಂದು, ಅವ್ವಾ."

ಬಾಯಿಂದ ಬಂದುಬಿಟ್ಟಿತು. ಅಷ್ಟು ದೂರ ಹೋಗಿ, ಆ ಮೆಟ್ಟಿಲ ಮೇಲೆ ಕೂತು, ಆಗಲೂ ಬಂದದ್ದು ಅದೇ. ಅವಳು ತೊಗರಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಆಫೀಸ ಅಂದ್ರ ಯಾರ್ರೀ?"

"ನಾನು" ಎಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. ಪುಸ್ತಕವನ್ನು ಎಳೆದು ಮಡಿಲಲ್ಲಿ ಹಾಕಿಕೊಂಡು, ಎದುರಿನ ಮನೆಯ ಬಾಗಿಲನ್ನೇ ನೋಡುತ್ತಾ ಕೂತಳು. ಆಮೇಲೆ, ನನಗಲ್ಲ ಅನ್ನುವಂತೆ, ಮೆಲ್ಲಗೆ ಹೇಳಿದಳು:

"ಹೋದ ಸೋಮವಾರ ಅಂವನ ಮಣ್ಣ್ ಆಯ್ತು. ಇಲ್ಲೇ ಕುಂತ್ ನೋಡ್ದೆ. ಮೂವತ್ತ್ ಹೆಜ್ಜಿ ಇಲ್ಲ ಆ ಮನಿ. ಹೋಗ್ಲಿಲ್ಲ ನಾ."